ಏಳನೇ ಗೇಟಿನ ವಹಿ

ಬೆಳಗಿನ ಐದಕ್ಕೇ ಜೀಪಿನ ನೆತ್ತಿಯ ಮೇಲೆ ನಿಂತು
ಆಂಟೆನಾ ತಿರುಗಿಸುತ್ತೇನೆ,
ಬಟ್ಟೆ ಹರವಲು ಬಿಸಿಲು ಹುಡುಕುವವಳ ಹಾಗೆ:
ನೈಲ್ ನದಿಯ ಕಡೆಗೊಮ್ಮೆ, ತಾಳೆಮರಗಳ ಕಡೆಗೊಮ್ಮೆ,
ಕೊನೆಗೆ, ಬೇಡ ಬೇಡವೆಂದರೂ, ರಿಗ್ಗಿನ ಕಡೆಗೆ.
ಟಿಕ್. ಟಿಕ್.
ಅಲ್ಲೇ ಇದ್ದಾಳೆ ಇಪ್ಪತ್ತೇಳು.

ಎಡಗೆನ್ನೆಯಲ್ಲಿ, ಮೀಸೆಯ ಮೇಲಿನ ಸಾಲಿಗೆ, ನಾಲ್ಕು ಚುಕ್ಕಿ.
ಬಲಗೆನ್ನೆಯಲ್ಲಿ ಎರಡೂವರೆ ಅನ್ನುತ್ತಾನೆ ಒಡೋಕಿ.
ಅರ್ಧ ಚುಕ್ಕಿ ಅಂತ ಇರುವುದಿಲ್ಲ ಅನ್ನುತ್ತೇನೆ ನಾನು.
ಮೂರು ವರ್ಷದಿಂದ ಇದೇ ಜಗಳ.
ಕೊರಳಿಗೆ ಪಟ್ಟಿ ಕಟ್ಟಿದ ದಿನ
ಮದ್ದಿನ ಮಂಪರಿಗೆ ನಾಲಗೆ ಚಾಚಿ ಮಲಗಿದ್ದಳು;
ಕಣ್ಣು ಒಣಗದಿರಲೆಂದು ನನ್ನ ತಲೆವಸ್ತ್ರ ಹೊದಿಸಿದ್ದೆ.
ಎಷ್ಟು ಒಗೆದರೂ ಹೋಗಲಿಲ್ಲ ಆ ವಾಸನೆ.
ಅಮ್ಮ ಅದನ್ನು ಮನೆಯೊಳಗೆ ತರಗೊಡಲಿಲ್ಲ,
ನಾಯಿ ಆ ಹಗ್ಗದ ಹತ್ತಿರ ಸುಳಿಯಲಿಲ್ಲ.

ಎಣ್ಣೆಯವರು ನೆಲದ ಕೆಳಗೆ ಎಣಿಸುತ್ತಾರೆ, ನಾವು ಮೇಲೆ.
ನಡುವೆ ಮೊಣಕಾಲುದ್ದ ಹುಲ್ಲು,
ಹುಲ್ಲಲ್ಲಿ ಕಾಬ್ ಜಿಂಕೆಗಳ ದಾರಿ,
ದಾರಿಯಲ್ಲಿ ಯಾರೋ ಟಯರು ಸುಟ್ಟು ತೆಗೆದ ತಂತಿಯ ಉರುಲು.
ಸಿಂಹಕ್ಕೆಂದು ಯಾರೂ ಇಡುವುದಿಲ್ಲ ಅದನ್ನು.
ತಂತಿಗೆ ಓದು ಬರುವುದಿಲ್ಲ.

ಏಳನೇ ಗೇಟಿನ ರಾತ್ರಿ ಕಾವಲು ಪಾಕ್‌ವಾಚಿನ ಪಿಥುವಾ.
ಮೊದಲು ಮೀನು ಹಿಡಿಯುತ್ತಿದ್ದವನು; ನಿದ್ದೆಗೆಟ್ಟು ರೂಢಿ.
'ನಿನ್ನ ಯಂತ್ರ ಟಿಕ್ ಅನ್ನುವ ಮೊದಲೇ ನಾನು ಬರೆದಿಟ್ಟಿರುತ್ತೇನೆ'
ಎಂದು ಒಂದು ದಿನ ವಹಿ ಬಿಚ್ಚಿ ತೋರಿಸಿದ.

ರಾತ್ರಿ 1.40. ನೀರಿನ ಟ್ಯಾಂಕರು. ಚಾಲಕನ ಸಹಿ ಇದೆ.
ರಾತ್ರಿ 2.10. ವಾಹನ ಸಂಖ್ಯೆ: ಇಲ್ಲ.
ಒಳಗೆ ಬಂದವರು: ದೊಡ್ಡವಳು ಒಬ್ಬಳು, ಮರಿ ಮೂರು.
ಬಂದ ಕೆಲಸ: ಕೇಳಲಿಲ್ಲ.
ಹೊರಗೆ ಹೋದದ್ದು: 4.05.
ಸಹಿ: ಗೇಟಿನ ಮಣ್ಣಲ್ಲಿದೆ.

ನಕ್ಕುಬಿಟ್ಟೆ. ಅವನು ನಗಲಿಲ್ಲ.
ಬಂದದ್ದನ್ನು ಬರೆಯಬೇಕು, ಹೋದದ್ದನ್ನು ಬರೆಯಬೇಕು,
ತಾಳೆಯಾಗದಿದ್ದರೆ ಸಂಬಳಕ್ಕೆ ಕತ್ತರಿ.

ಹಾಗೆ ಹದಿನಾಲ್ಕು ರಾತ್ರಿ, ನಾಲ್ವರು ಒಳಗೆ, ನಾಲ್ವರು ಹೊರಗೆ.
ರಿಗ್ಗಿನ ಬೆಳಕಿಗೆ ಕಣ್ಣು ಕೋರೈಸಿದ ಜಿಂಕೆ ಅವಳಿಗೆ ಸಸಾರವಂತೆ;
ಅವನೇ ಹೇಳಿದ್ದು, ನನ್ನ ವರದಿಯಲ್ಲಿ ಅದಕ್ಕೆ ಜಾಗವಿಲ್ಲ.
ಹದಿನೈದನೆಯ ರಾತ್ರಿ ನಾಲ್ವರು ಒಳಗೆ.
ಹೊರಗೆ, ಮೂವರು.

ನಾನೂ ಒಡೋಕಿಯೂ ಇಕ್ಕಳ ಹಿಡಿದು ಹುಲ್ಲು ಬಗೆದೆವು.
ಹನ್ನೊಂದು ತಂತಿ ಸಿಕ್ಕವು. ಒಂದರಲ್ಲಿ ಒಂದಿಷ್ಟು ರೋಮ,
ಜಿಂಕೆಯದೋ ಏನೋ. ಪೊಟ್ಟಣ ಕಟ್ಟಿ ಕಂಪಾಲಾಕ್ಕೆ ಕಳಿಸಿದೆವು.
ಉತ್ತರ ಬಂದಿಲ್ಲ.
ನನ್ನ ಹಾಳೆಯಲ್ಲಿ 'ಕಾಣಲಿಲ್ಲ' ಎಂಬ ಮನೆಗೆ ಒಂದು ಗುರುತು ಹಾಕಿದೆ,
ಚಹಾ ಕುಡಿದೆ.

ಪಿಥುವಾ ಮಾತ್ರ ಆ ಸಾಲು ಮುಚ್ಚಲೊಲ್ಲ.
ಮೇಲಿನವನು ಬಂದು ಬೈದ, ಏನಾದರೂ ಬರೆದು ಮುಗಿಸು ಅಂದ.
ಹೋದದ್ದನ್ನು ನೋಡಿಲ್ಲ ಸ್ವಾಮಿ, ಹೇಗೆ ಬರೆಯಲಿ, ಅಂದನಂತೆ.

ಇವತ್ತು ಹಳೇ ವಹಿ ತುಂಬಿ ಹೊಸದು ಕೊಟ್ಟಿದ್ದಾರೆ.
ಇನ್ನೂ ಅಂಟಿನ ವಾಸನೆಯ ಮೊದಲ ಪುಟದ ಮೊದಲ ಸಾಲಲ್ಲಿ,
ದಿನಾಂಕಕ್ಕೂ ಮೊದಲು, ದುಂಡಗೆ ಬರೆದಿದ್ದಾನೆ:
ಹಿಂದಿನ ಶಿಲ್ಕು, ಮರಿ ಒಂದು.

ನಾನು ಏನೋ ಹೇಳಲು ಹೊರಟಿದ್ದೆ.
ಆಚೆ ಟ್ಯಾಂಕರು ಹಾರ್ನ್ ಹೊಡೆಯಿತು.
ಅವನು ಪೆನ್ನು ತಡಕುತ್ತ ಎದ್ದ.