ಕರಣಿ ಗುರುತು

ಎರಡು ಸಲ ಬಂದಿದ್ದ ಹುಸೇನಪ್ಪ ಕಾಕಾ.
ಮೊದಲ ಸಲ ಮಂತ್ರಿ. ಐ.ಬಿ.ಯೊಳಗ ಮುಕ್ಕಾಮು,
ಕಲೆಕ್ಟರ ಸಾಹೇಬರ ಜೀಪು, ಕೋಟಿನ ಮ್ಯಾಲ
ಮೂರು ತಿಂಗಳ ಹಿಂದ ಹುಟ್ಟಿದ ದೇಶದ ಬಾವುಟ,
ಪಾವಲಿಯಷ್ಟು.
ಎರಡನೇ ಸಲ ಜೋರಾಪುರ ಪೇಠದ ನಮ್ಮ ಮನಿ,
ಒಂದು ಟ್ರಂಕು, ಅಪ್ಪನ ಹಾಸಿಗಿ ಬಾಜೂಕ ಚಾಪಿ.
ಬಾವುಟ ಇದ್ದಲ್ಲಿ ಎರಡು ಸೂಜಿ ತೂತು.

ಅವನ ಮುತ್ಯಾ ಯಂಕಪ್ಪ ಉಪ್ಪಾರ
ರೈಲಿನ ಸೇತುವೆ ಕಟ್ಟಾಕ ಹಡಗ ಹತ್ತಿದವ.
ಮೂರು ವರ್ಷದ ಕರಾರು. ತಿರುಗಿ ಬರಲಿಲ್ಲ.
ಅಪ್ಪನ ಮುತ್ಯಾ ಅವನ ತಮ್ಮ;
ಅಣ್ಣನ ಪಾಲಿನ ಖೋಲಿಗೆ ಸಾಯೂತನಕ ಕೀಲಿ ಹಾಕಿಟ್ಟ.
ಆಮ್ಯಾಲ ನಾವು ಅದರಾಗ ಸುಣ್ಣ ತುಂಬಿದ್ವಿ.

ಕಾಕಾನ ಕನ್ನಡ ನಮ್ಮದಕ್ಕಿಂತ ಹಳೇದು.
ತಹಶೀಲ್ದಾರಗ ಮಾಮಲೇದಾರ ಅಂದ,
ಬಸ್ಸಿಗೆ ಮೋಟಾರು,
ಮುಖ್ಯಮಂತ್ರಿಗೆ ದಿವಾಣರು.
ಅಲ್ಲಿಯ ಮಾತಿನಾಗೂ ಕಿತಾಬು ಕಲಮು ದುನಿಯಾ ಇದಾವಂತ,
ಮಂತ್ರಿಗೆ ವಜೀರಿ ಅಂತಾರಂತ.
ನಾಗರಿಕಗ ಏನಂತಾರ ಕಾಕಾ?
ರಾಯಾ, ಅಂದ.
ಅಪ್ಪ ನಕ್ಕ: ಅದು ನಮ್ಮ ರಯತ ಅಲ್ಲೇನು?
ಅದೇ. ನೆಲಕ್ಕ ಕಂದಾಯ ಕೊಡಾಂವ
ಇಲ್ಲಿ ರಯತ, ಅಲ್ಲಿ ರಾಯಾ.
ನಾ ಕೊಟ್ಟೀನಿ. ರಸೀದಿ ಅದಾವ.

ಆ ಕಾಯ್ದೆ ಬರದವ ಅವನೇ.
ಎರಡು ವರ್ಷದೊಳಗ ಅರ್ಜಿ ಹಾಕ್ರಿ, ಈ ನೆಲದವರಾಗ್ರಿ ಅಂತ
ಅಂಗಡಿ ಅಂಗಡಿ ಹತ್ತಿ ಇಳದವ.
ಒಂದು ಅಂಗಿಗೆ ಎರಡು ಕಿಸೆ ಇದ್ದರ ತಪ್ಪೇನು ಅಂದರು ಮಂದಿ.
ಅವನ ಅವ್ವನೇ ರಾಣಿ ಮೊಹರಿನ ಪಾಸ್‌ಪೋರ್ಟು
ಜೋಳದ ಡಬ್ಬಿಯೊಳಗ ಹುಗದಿದ್ದಳಂತ.
ಹನ್ನೊಂದು ಸಾವಿರ ಅರ್ಜಿಗೆ ಸಹಿ ಮಾಡಿದ.
ಒಂದಿನ ಕಾರಕೂನ ಬಂದು, ಸಾಹೇಬರ,
ನಿಮ್ಮದೇ ಫೈಲು ಸಿಗವಲ್ದು ಅಂದ.
ಅವಗ ನೌಕರಿ ಕೊಟ್ಟವನೂ ನಾನೇ, ಅಂದ ಕಾಕಾ.
ಚಲೋ ಹುಡುಗ. ಮಾರಿ ಕೆಳಗ ಹಾಕಿದ್ದ.

ನಮ್ಮ ಮುನ್ಸಿಪಾಲ್ಟಿಗೂ ಹೋದ್ವಿ, ಯಂಕಪ್ಪನ ಹೆಸರು ಹುಡಕಾಕ.
ಪ್ಲೇಗಿನ ಮುಂಚಿನ ಪುಸ್ತಕ ಗೆದ್ದಲ ತಿಂದಾವ್ರಿ,
ಅಂತ ಮಾರಿ ಕೆಳಗ ಹಾಕಿದ ಇಲ್ಲಿಯ ಕಾರಕೂನ.
ಕಾಕಾ ಅವನ ಬೆನ್ನು ಚಪ್ಪರಿಸಿದ.

ಗುಮ್ಮಟ ನೋಡೂಣ ಬಾ, ಕೂಗಿದ್ದು ಏಳು ಸಲ ಕೇಳತೈತಿ ಅಂದೆ.
ಬ್ಯಾಡವ್ವಾ. ದೊಡ್ಡ ಸಾಹೇಬರು ಒಂದು ಮಾತಂದರ
ಏಳು ಸಲ ತಿರುಗಿ ಅನ್ನೂ ಮನಿಯೊಳಗ
ಒಂಬತ್ತು ವರ್ಷ ಕುಂತು ಬಂದೀನಿ.

ಬದಲಿಗೆ ಹಬಶಿಗಳ ಗೋರಿ ಎಲ್ಲಿ ಅಂತ ಕೇಳಿದ.
ಬಾದಶಾಹಿ ಕಾಲಕ್ಕ ಆ ದಂಡಿಯಿಂದ ಗುಲಾಮರಾಗಿ ಬಂದವರು
ಇಲ್ಲಿ ವಜೀರರಾಗಿದ್ದರಂತ.
ನಮಗೇನು ಗೊತ್ತು. ಊರ ಹೊರಗಿನ
ಒಂದು ಮುರುಕು ಗೋರಿ ತೋರಿಸಿದ್ವಿ, ಯಾರದೋ,
ಆಡು ಕಟ್ಟಿದ್ದರು.
ಕಾಕಾ ಬೂಟು ಬಿಚ್ಚಿ ಕಲ್ಲಿನ ಮ್ಯಾಲ ಅಂಗೈ ಇಟ್ಟ.
ಆ ಭಾಷಾದಾಗ ಏನೋ ಕೇಳಿದ. ತಡದು, ಮತ್ತೊಮ್ಮೆ ಕೇಳಿದ.
ವಜೀರಿ ಅನ್ನೂದೊಂದೇ ನನಗ ತಿಳೀತು.
ಆಡು ಅವನ ಕೋಟಿನ ತುದಿ ತಿನ್ನಾಕ ಹತ್ತಿತ್ತು.

ಇಲ್ಲೇ ಇದ್ದುಬಿಡು, ಅಂದ ಅಪ್ಪ ಆ ರಾತ್ರಿ.
ಸುಣ್ಣದ ಖೋಲಿ ಖಾಲಿ ಮಾಡಸ್ತೀನಿ. ಅದು ನಿಂದೇ.
ಕಾಕಾ ರೊಟ್ಟಿ ಮುರಕೋತ ಕುಂತ, ತಿನ್ನಲಿಲ್ಲ.
ಅಲ್ಲಿ ನಾನು ವಿರೋಧ ಪಕ್ಷ, ಅಣ್ಣಾ.
ಒಬ್ಬನೇ ಇದ್ದರೂ ಪಕ್ಷ ಪಕ್ಷನ.
ಇಲ್ಲಿದ್ದರ ಯಾರನ್ನ ವಿರೋಧ ಮಾಡ್ಲಿ,
ನಿನ್ನ ಸುಣ್ಣಾನೇನು?

ಮುಂದಿನ ಸೋಮವಾರ ಅವನ ಕೇಸಿನ ತಾರೀಖು.
ಏನಾತಂತ ಪತ್ರ ಬರಲಿಲ್ಲ.

ಹೋಗೂವಾಗ ನನ್ನ ಕೈಯಾಗ ಒಂದು ಚೀಟಿ ಇಟ್ಟಿದ್ದ,
ಮೊದಲ ಚುನಾವಣೆದು: ಎಳೇ ಮೀಸಿಯ ಅವನ ಮಾರಿ,
ಕೆಳಗ ಅವನ ಗುರುತು, ಕರಣಿ.
ಕೆಲಸದಿಂದ ಬಂದ ಅಪ್ಪ, ಉಗುರಿನಾಗಿನ ಗಚ್ಚು ತೊಳೀದನ
ಅದನ್ನ ಕಂದೀಲಿಗೆ ಹಿಡದು ನೋಡಿದ.
ಹಿಡಿಕಿ ಉದ್ದ ಆಗೇತಿ, ಅಂದ.
ಇದರಿಂದ ಗ್ವಾಡಿ ಕಟ್ಟಾಕ ಬರೂದಿಲ್ಲ.
ಆಮ್ಯಾಲ ಮಡಚಿ,
ತನ್ನ ಕರಣಿ ತೊಳದಿಡೂ ಗೂಡಿನಾಗ ಇಟ್ಟ.