ಎಡಗಿವಿ

ಆಡು ಮುಟ್ಟದ ಸೊಪ್ಪಿಲ್ಲ, ನಾನು ಬಿಚ್ಚದ ಯಂತ್ರವಿಲ್ಲ.
ಮೊದಲೇ ಹೇಳಿಬಿಡುತ್ತೇನೆ, ನಾನು ಇವುಗಳ ವೈರಿಯಲ್ಲ.
ಹೊಸ ಫೋನು ಬರುವ ದಿನ ಕೌನಸ್ ಪೇಟೆಯ ಅಂಗಡಿ ಬಾಗಿಲಲ್ಲಿ
ಮೈನಸ್ ಹನ್ನೊಂದರ ಚಳಿಗೆ ಮೂಗು ಒತ್ತೆಯಿಟ್ಟು ನಿಂತವನು.
ಡಬ್ಬಿಯ ಮುಚ್ಚಳ ಉಸಿರು ಬಿಟ್ಟಂತೆ ಮೆಲ್ಲಗೆ ಮೇಲೇಳುವ
ಆ ಎರಡು ಸೆಕೆಂಡು (ಹೆಂಡತಿ ನಗುತ್ತಾಳೆ, ನಗಲಿ)
ಉಂಡವನಿಗೇ ಗೊತ್ತು ಅದರ ರುಚಿ.

ಅಡುಗೆಮನೆಯ ಮೇಜಿನ ಮೇಲೆ ಮೂರು ಲ್ಯಾಪ್‌ಟಾಪುಗಳ ಎಲುಬು,
ಸೌತೆಕಾಯಿ ಉಪ್ಪು ಹಾಕುವ ಜಾಡಿಯ ತುಂಬ ಸ್ಕ್ರೂ.
ಅಲ್ಲಿಗೇ ಬಂದರು, ಶನಿವಾರ,
ನಾಲ್ಕನೆಯ ಮಹಡಿಯ ಬ್ರೊನೆ.
ಎಂಬತ್ತೆರಡು ವರ್ಷ. ಮೆಟ್ಟಿಲಿಗೊಂದು ನಿಟ್ಟುಸಿರು.
ಕರವಸ್ತ್ರದ ಗಂಟು ಬಿಚ್ಚಿ ಮುಂದಿಟ್ಟದ್ದು
ಅವರೆಕಾಳಿಗಿಂತ ತುಸು ದೊಡ್ಡದು, ಬೂದು ಬಣ್ಣದ್ದು:
ಎಡಗಿವಿಯ ಯಂತ್ರ.
ಹದಿನಾಲ್ಕು ತಿಂಗಳ ಪಿಂಚಣಿಯಲ್ಲಿ ಉಳಿಸಿದ ದುಡ್ಡು
ಮೂರೇ ಚಳಿಗಾಲಕ್ಕೆ ಮೂಕವಾಗಿತ್ತು.

ಕಂಪನಿಗೆ ಬರೆದೆ. ಕಿವಿ ಮಾಡುವವರು
ನನ್ನ ಮಾತನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.
'ಈ ಮಾದರಿಗೆ ಬೆಂಬಲ ನಿಲ್ಲಿಸಲಾಗಿದೆ.
ಹೊಸದರ ಮೇಲೆ ಶೇಕಡಾ ಹತ್ತು ರಿಯಾಯಿತಿ.
ನಿಮ್ಮ ದಿನ ಶುಭವಾಗಲಿ.'

ಸರಿ. ಕೂದಲೊಣಗಿಸುವ ಯಂತ್ರದ ಬಿಸಿಗಾಳಿಯಲ್ಲಿ ಅಂಟು ಸಡಿಲಿಸಿ
ಸತ್ತ ಬ್ಯಾಟರಿ ತೆಗೆದೆ, ಅದೇ ಅಳತೆಯ, ಅದೇ ವೋಲ್ಟಿನ ಹೊಸತು ಹಾಕಿದೆ.
ಹಸಿರು ದೀಪ! ಬ್ರೊನೆಯ ಹುಬ್ಬು ಮೇಲೇರಿತು.
ಆಮೇಲೆ ಫೋನಿನ ಪರದೆಯಲ್ಲಿ ಎರಡೇ ಪದ:
ಅಪರಿಚಿತ ಬಿಡಿಭಾಗ.
ದೀಪ ಆರಿತು.

ನೋಡಿ, ನನಗೆ ಸಿಟ್ಟು ಬರುವುದು ಇಲ್ಲಿ.
ಕೆಟ್ಟರೆ ಕೆಡಲಿ, ಕೆಡದ ವಸ್ತು ಯಾವುದಿದೆ.
ಗುಂಡಿಯ ಮೇಲೆ ಬರೆದದ್ದು 'ಕೊಳ್ಳಿ' ಎಂದು.
ಕೊಂಡರು. ರಸೀದಿ ಇದೆ.
ಹಾಗಲ್ಲ, ಬಳಸಲು ಅಪ್ಪಣೆ ಕೊಟ್ಟದ್ದಷ್ಟೇ ಎಂಬುದು
ನಲವತ್ತೊಂದನೆಯ ಪುಟದಲ್ಲಿ, ಸಾಸಿವೆಯಷ್ಟು ಅಕ್ಷರದಲ್ಲಿ.
ಬ್ರೊನೆಯ ಕಿವಿಯೊಳಗೆ ಕೂತದ್ದು ಬ್ರೊನೆಯದಲ್ಲವಂತೆ.
ಹಾಗಾದರೆ ಆ ಕಿವಿ ಯಾರದು?

ನಾನು ಕೂಗಾಡುತ್ತಿದ್ದೆ. ಅವರು ಬಲಗಿವಿ ಇತ್ತ ತಿರುಗಿಸಿ
ಭೂತಗನ್ನಡಿಯಲ್ಲಿ ಬೆಸುಗೆಗಳನ್ನು ಎಣಿಸುತ್ತಿದ್ದರು.
'ಇಪ್ಪತ್ತೆಂಟು ವರ್ಷ ರೇಡಿಯೊ ಕಾರ್ಖಾನೆಯಲ್ಲಿದ್ದೆ' ಎಂದರು.
'ಪ್ರತಿ ರೇಡಿಯೊದ ಹೊಟ್ಟೆಯಲ್ಲೂ ಒಂದು ನಕ್ಷೆ ಮಡಚಿಡುತ್ತಿದ್ದೆವು.
ಯಾವ ತಂತಿ ಎಲ್ಲಿಗೆ, ಯಾವುದು ಸುಟ್ಟರೆ ಏನು ಹಾಕಬೇಕು, ಎಲ್ಲ.
ಹಳ್ಳಿಯ ಹುಡುಗರೂ ಓದಿ ರಿಪೇರಿ ಮಾಡಿಕೊಳ್ಳುತ್ತಿದ್ದರು.'

ನಾನು ಬಾಯಿ ತೆರೆಯುವ ಮೊದಲೇ ಬೆರಳೆತ್ತಿದರು:
'ಆ ಕಾಲವನ್ನು ಹೊಗಳಬೇಡ.
ನನ್ನಪ್ಪನನ್ನು ಸೈಬೀರಿಯಾದ ರೈಲು ಹತ್ತಿಸಿದ್ದು ಅದೇ ಕಾಲ.
ನಾವು ಮಾಡಿದ ರೇಡಿಯೊದಲ್ಲಿ ನಿಜ ಕೇಳಬೇಕಾದರೆ
ಕಂಬಳಿ ಹೊದ್ದು ಕೇಳಬೇಕಿತ್ತು.
ಆಗ ಗೋಡೆಗೂ ಕಿವಿಯಿತ್ತು.'
ಸ್ವಲ್ಪ ತಡೆದು, ಬೂದು ಕಾಳನ್ನು ಅಂಗೈಯಲ್ಲಿ ಉರುಳಿಸಿ,
'ಈಗ ನೋಡು, ಕಿವಿಗೇ ಗೋಡೆ.'

ಗ್ರಾಹಕರ ಕಚೇರಿಗೆ ದೂರು ಹೋಗಿದೆ.
ಉತ್ತರ ಇಪ್ಪತ್ತು ಕೆಲಸದ ದಿನಗಳಲ್ಲಿ, ರಜೆ ಬಿಟ್ಟು.
ಗೆಲ್ಲುತ್ತೇವೆಂದು ನಾನು ಹೇಳುತ್ತಿಲ್ಲ.
ಇಷ್ಟೆಲ್ಲ ಆದಮೇಲೂ ಮಾರ್ಚಿಯಲ್ಲಿ ಹೊಸ ಫೋನು ಬರುತ್ತದೆಯೆಂದು
ನನ್ನ ಕಾಲು ಆ ಅಂಗಡಿಯ ಕಡೆಗೇ ಎಳೆಯುತ್ತದೆ, ಅದೂ ನಿಜ.

ಹೋದ ತಿಂಗಳ ಕ್ಯಾಲೆಂಡರ್ ಹಾಳೆ ಹರಿದು
ಅದರ ಬೆನ್ನಿನ ಮೇಲೆ ಇಬ್ಬರೂ ಕೂತು
ತಿಳಿದಷ್ಟು ಬರೆದೆವು: ಇದು ಮೈಕು, ಇದು ಚಿಪ್ಪು,
ಇದು ಏನೋ ಗೊತ್ತಿಲ್ಲ, ಇಲ್ಲಿ ಬೀಗ.
ಗೆರೆ ಎಳೆಯುವಾಗ ಅವರ ಕೈ ನಡುಗಲಿಲ್ಲ.
ನಾಲ್ಕು ಮಡಿಕೆ ಮಾಡಿ ಡಬ್ಬಿಯೊಳಗಿಟ್ಟು
'ಮುಂದೆ ಬಿಚ್ಚುವವನಿಗೆ' ಎಂದರು.

ಕಿಟಕಿ ಸಣ್ಣಗೆ ನಡುಗಿತು.
'ಟ್ರಾಲಿಬಸ್ ಹೋಯಿತಾ?'
ಕುರ್ಚಿಯನ್ನು ಅವರ ಬಲಕ್ಕೆ ಎಳೆದುಕೊಂಡು
ಹೋಯಿತು, ಎಂದೆ.