ಗೇಟಿನ ಲೆಕ್ಕ

ಪತ್ರಿಕೆಯಲ್ಲಿ ಮುನ್ನೂರು ಕೆಲಸ ಅಂತಿತ್ತು.
ಮೇಯರ ಭಾಷಣದಲ್ಲಿ ಐನೂರಾಯಿತು.
ನನ್ನ ಪುಸ್ತಕದಲ್ಲಿ ಅರವತ್ತೊಂದು.
ಗೇಟಿನಲ್ಲಿ ಕೂತವನು ನಾನು, ತ್ರಾಯನ್,
ಒಳಹೋದವರನ್ನು ಬೆರಳು ಮಡಿಸಿ ಎಣಿಸಿದವನು.

ರಿಬ್ಬನ್ನಿಗೆ ತಂದ ಕತ್ತರಿ ಮೊಂಡು.
ಅಮೆರಿಕದಿಂದ ಬಂದ ಉದ್ದನೆಯ ಹೆಂಗಸು
ಎರಡು ಸಲ ಒತ್ತಿದಳು, ಮೂರನೆಯ ಸಲ ನಕ್ಕಳು.
ಎದುರಿನ ಕ್ಷೌರದಂಗಡಿಯ ಸ್ಪಿರೋ
ಮೈಮೇಲಿನ ಕೂದಲೂ ಕೊಡವದೆ ಓಡಿಬಂದು
ತನ್ನ ಕತ್ತರಿ ಕೊಟ್ಟ.
ಚಪ್ಪಾಳೆ ಬಿದ್ದದ್ದು ಯಾರಿಗೆ ಅಂತ
ಇನ್ನೂ ಗಿರಾಕಿಗಳ ಹತ್ತಿರ ವಾದಿಸುತ್ತಾನೆ.

ಇಪ್ಪತ್ತೆರಡು ವರ್ಷ ನಾನು ಕಾದದ್ದು ಖಾಲಿಯನ್ನು.
ಫ್ರಿಜ್ ಕಾರ್ಖಾನೆ ಮುಚ್ಚಿದ ಮೇಲೆ
ಬೀಗವಿತ್ತು, ನಾನಿದ್ದೆ, ಒಂದು ಕುಂಟು ನಾಯಿ,
ಗಾಜಿಲ್ಲದ ಕಿಟಕಿಯಲ್ಲಿ ಪೆಲಿಸ್ಟರ್ ಬೆಟ್ಟದ ಹಿಮ.
ಕದಿಯಲು ಏನೂ ಉಳಿಯದ ಮೇಲೂ
ಸಂಬಳ ಹೇಗೋ, ವಿಳಾಸ ತಪ್ಪಿದ ಕಾಗದದಂತೆ, ಬರುತ್ತಿತ್ತು.

ಈಗ ಕಾರ್ಡು ತೋರಿಸಿದರೆ ಸಾಕು,
ಬಾಗಿಲು ಗುಬ್ಬಿಯಂತೆ ಚಿಂವ್ ಅನ್ನುತ್ತದೆ.
ಹಳೆಯ ಬೀಗದ ಕೈ ಬೇಡ ಅಂದರು;
ವಾಪಸು ಯಾರೂ ಕೇಳಲಿಲ್ಲ. ಜೇಬಿನಲ್ಲಿದೆ.

ಸಂಜೆ ನಾಲ್ಕಕ್ಕೆ ಬರುತ್ತಾರೆ, ನಡುರಾತ್ರಿ ದಾಟಿ ಹೋಗುತ್ತಾರೆ.
ಊರಿಗೆ ಬಂದವರು ನೀರಿಗೆ ಬರದಿರುತ್ತಾರೆಯೇ?
ಬುರೆಕ್ ಅಂಗಡಿ ರಾತ್ರಿ ಒಂದಕ್ಕೂ ತೆರೆದಿರುತ್ತದೆ.
ಮ್ಯೂನಿಕ್‌ನಲ್ಲಿ ಟ್ರಕ್ಕು ಓಡಿಸುತ್ತಿದ್ದ ಗೋತ್ಸೆ
ಹೆಂಡತಿಯ ಸಂಬಳ ನಂಬಿ ಮರಳಿದ್ದಾನೆ.
ನನ್ನ ಮನೆಯೊಡತಿ ಬಾಡಿಗೆ ಏರಿಸಿದ್ದಾಳೆ,
ಆ ಅರವತ್ತೊಂದರಲ್ಲಿ ನಾನಿಲ್ಲ ಅಂದರೂ ಕೇಳಳು.

ಝಿವ್ಕಾ ಅಂತ ಒಬ್ಬಳು, ಸಿಗರೇಟು ಹಚ್ಚಲು ಹೊರಬಂದವಳು,
"ಇಲ್ಲಿ ಮೊದಲು ಏನು ಮಾಡುತ್ತಿದ್ದರು?" ಅಂದಳು.
ಫ್ರಿಜ್, ಅಂದೆ.
"ಅಯ್ಯೋ, ಅಜ್ಜಿಯ ಮನೆಯಲ್ಲಿ ಇನ್ನೂ ಗುರ್ ಅನ್ನುತ್ತಿದೆ!"
ನೀವೇನು ಮಾಡುತ್ತೀರಿ, ಅಂದೆ.
ಹೊಗೆ ಬಿಟ್ಟು ಬಹಳ ಹೊತ್ತು ಯೋಚಿಸಿದಳು.
"ಎಲ್ಲೋ ಓಹಾಯೋದಲ್ಲಿ ಯಾರೋ ಗುಂಡಿ ಒತ್ತುತ್ತಾರೆ.
ಏನೂ ಕೆಡಬಾರದು. ಅಷ್ಟೇ."
ನಮ್ಮದೂ ಅದೇ ಕೆಲಸವಾಗಿತ್ತಲ್ಲ, ಅಂದೆ.
ಅವಳು ನಗಲಿಲ್ಲ. ನಾನು ತಮಾಷೆಗೆ ಅಂದದ್ದೂ ಅಲ್ಲ.

ಈ ರಾತ್ರಿ ಒಳಹೋದವರು ಅರವತ್ತೊಂದು,
ಹೊರಬಂದವರು ಅರವತ್ತು.
ಮೇಲೆ ಹತ್ತಿ ನೋಡಿದೆ.
ಕಂಪ್ರೆಸರ್ ಕೂರಿಸುತ್ತಿದ್ದ ಸಾಲಿನಲ್ಲಿ
ಒಬ್ಬ ಹುಡುಗ, ಕೈಮೇಲೆ ಕೆನ್ನೆಯಿಟ್ಟು, ಗಾಢ ನಿದ್ದೆ.
ನಾನು ಕಾಲಿಟ್ಟದ್ದೇ ದೀಪವೆಲ್ಲ ಹತ್ತಿಕೊಂಡವು.
ಯಾರೂ ಅಲುಗದಿದ್ದರೆ ತಾವೇ ಆರುತ್ತವಂತೆ.
ಅಲ್ಲೇ, ಉಸಿರು ಸಣ್ಣ ಮಾಡಿಕೊಂಡು,
ಅಲುಗದೆ ನಿಂತೆ.